ಮದ್ದು ತಲುಪಿತು ಸರಿ, ಡಬ್ಬ ಎಲ್ಲಿ?

ಹೊಸೂರು ರಸ್ತೆ ಕಡೆಯ ಒಂದು ಆಸ್ಪತ್ರೆ. ಕೀಮೋ ಡೇ ಕೇರ್ ವಾರ್ಡಿನಲ್ಲಿ ಸಾಲಾಗಿ ಎಂಟು ಒರಗುಕುರ್ಚಿ. ಕಿಟಕಿ ಪಕ್ಕದ್ದು ನಮ್ಮ ಚಿಕ್ಕಮ್ಮನದು. ಅವತ್ತು ಮೂರನೇ ಸೈಕಲ್. ನರ್ಸ್ ದಪ್ಪ ಸಿರಿಂಜಿನಲ್ಲಿ ರೋಸ್ ಶರಬತ್ತಿನ ಬಣ್ಣದ ಮದ್ದು ತಂದು, ನಿಧಾನವಾಗಿ ನಳಿಗೆಯೊಳಗೆ ಬಿಡುತ್ತಾ, "ಅಮ್ಮಾ, ಇವತ್ತು ಮೂತ್ರ ಕೆಂಪಗೆ ಹೋಗುತ್ತೆ, ರಕ್ತ ಅಂತ ಗಾಬರಿ ಆಗ್ಬೇಡಿ" ಅಂದರು. ಚಿಕ್ಕಮ್ಮ ಸುಮ್ನೆ ತಲೆ ಆಡಿಸಿದರು. ಅವರ ಗಮನವೆಲ್ಲ ಇನ್ನೊಂದು ಕೈಯಲ್ಲಿದ್ದ ಫೋನಿನ ಮೇಲಿತ್ತು.

"ನೋಡೋ ಇದನ್ನ. ನ್ಯಾನೋಟ್ಯೂಬ್ ಅಂತೆ. ಮದ್ದು ಸೀದಾ ಗಡ್ಡೆಗೇ ಹೋಗುತ್ತಂತೆ, ಕೂದಲೂ ಉದುರಲ್ವಂತೆ. ನಮ್ಮ ಬೆಂಗಳೂರಲ್ಲಿ ಸಿಗಲ್ವಾ?"

ವಾಟ್ಸಾಪ್ ಫಾರ್ವರ್ಡ್. ಅದರಲ್ಲೊಂದು ಬಣ್ಣಬಣ್ಣದ ಚಿತ್ರ. ರಕ್ತನಾಳದೊಳಗೆ ಕಪ್ಪು ಜಾಲರಿಯ ಕೊಳವೆ ತೇಲುತ್ತಿದೆ, ಅದರ ಬಾಯಿಂದ ಹಳದಿ ಗುಳಿಗೆಗಳು ಉದುರುತ್ತಿವೆ.

"ಇನ್ನೂ ಇಲ್ಲ ಚಿಕ್ಕಮ್ಮ."

"ಇನ್ನೂ ಅಂದ್ರೆ? ಮುಂದಿನ ವರ್ಷ ಬರುತ್ತಾ?"

ಆಗ ಏನೋ ಹೇಳಿ ಮಾತು ತೇಲಿಸಿದೆ. ಮೂವತ್ತು ವರ್ಷ ದಾಟಿದ ಒಂದು ಸಂಶೋಧನೆ, ಸಾವಿರಾರು ಪ್ರಬಂಧಗಳು, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. ಆದರೂ ಇಂಗಾಲದ ನ್ಯಾನೋಟ್ಯೂಬ್ ಹೊತ್ತು ತರುವ ಒಂದೇ ಒಂದು ಮದ್ದು ಯಾವ ದೇಶದ ಆಸ್ಪತ್ರೆಗೂ ಚಿಕಿತ್ಸೆಯಾಗಿ ಬಂದಿಲ್ಲ. ಯಾಕೆ? ವಾರ್ಡಿನಲ್ಲಿ ಕೂತು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕೆಂಪು ಮದ್ದಿನ ವಿಷಯ. ಅದರ ಹೆಸರು ಡಾಕ್ಸೊರುಬಿಸಿನ್. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಅದು ಕೊಲ್ಲುತ್ತದೆ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತದೆ, ನಿಜ. ಆದರೆ ಕೂದಲಿನ ಬುಡ, ಬಾಯಿಯ ಒಳಪದರ, ಕರುಳು, ಮೂಳೆಯ ಮಜ್ಜೆ ಎಲ್ಲವೂ ಹಾಗೇ ಬೆಳೆಯುತ್ತವೆ. ಮದ್ದಿಗೆ ಇವರು ನಮ್ಮವರು, ಅವರು ಪರರು ಅನ್ನೋದು ಗೊತ್ತಿಲ್ಲ. ಹೃದಯಕ್ಕಂತೂ ಅದು ಕೆಟ್ಟದ್ದೇ. ಅದಕ್ಕೇ ಜೀವನಪೂರ್ತಿ ಇಷ್ಟೇ ಕೊಡಬಹುದು ಎಂಬ ಮಿತಿ ಇದೆ, ಶುರು ಮಾಡುವ ಮುಂಚೆ ಎಕೋ ಮಾಡಿಸುತ್ತಾರೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಮದ್ದು ನಮ್ಮ ಕೈಯಲ್ಲಿ ಎಂದೋ ಇದೆ. ಅದನ್ನು ಸರಿಯಾದ ಮನೆಬಾಗಿಲಿಗೆ ಮುಟ್ಟಿಸುವುದೇ ತಲೆನೋವು.

ಬೋರ್‌ವೆಲ್ ಆಕಾರದ ಮಸಿ

ಇಂಗಾಲದ ಪರಮಾಣುಗಳು ಜೇನುಗೂಡಿನ ಹಾಗೆ ಆರು ಮೂಲೆಯ ಮನೆ ಕಟ್ಟಿಕೊಂಡು ಒಂದೇ ಪದರದ ಹಾಳೆಯಾಗುತ್ತವೆ. ಆ ಹಾಳೆಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿ, ಅಂಚಿಗೆ ಅಂಚು ಬೆಸೆದರೆ ಒಂಟಿಗೋಡೆಯ ನ್ಯಾನೋಟ್ಯೂಬ್. ಒಂದರೊಳಗೊಂದು ಹಲವು ಕೊಳವೆ ಕೂತಿದ್ದರೆ ಬಹುಗೋಡೆಯದು. ಒಂಟಿಗೋಡೆಯದರ ಅಗಲ ಒಂದೆರಡು ನ್ಯಾನೋಮೀಟರ್. ಒಂದು ತಲೆಗೂದಲಿನ ಅಗಲ ತುಂಬಲು ಇಂಥವನ್ನು ಸುಮಾರು 80,000 ಪಕ್ಕಪಕ್ಕ ಜೋಡಿಸಬೇಕು.

ಅಗಲ ಅಷ್ಟು ಕಡಿಮೆ, ಉದ್ದ ಮಾತ್ರ ಹಾಗಲ್ಲ. ಈ ಅನುಪಾತ ಬೆಂಗಳೂರಿನವರಿಗೆ ಸುಲಭವಾಗಿ ಅರ್ಥವಾಗಬೇಕು. ಆರೂವರೆ ಇಂಚಿನ ಬೋರ್, ಸಾವಿರ ಅಡಿ ಆಳ. ಅಂದರೆ ಅಗಲಕ್ಕಿಂತ ಆಳ ಸುಮಾರು 1,800 ಪಟ್ಟು ಜಾಸ್ತಿ. ಒಂದು ನ್ಯಾನೋಮೀಟರ್ ಅಗಲ, 1,800 ನ್ಯಾನೋಮೀಟರ್ ಉದ್ದದ ನ್ಯಾನೋಟ್ಯೂಬ್ ನೋಡಲು ನಿಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಇದ್ದ ಹಾಗೇ ಇರುತ್ತದೆ. ಮುಂದೆ ಬರುವ ಒಳ್ಳೆಯದು, ಕೆಟ್ಟದ್ದು ಎರಡಕ್ಕೂ ಮೂಲ ಈ ಆಕಾರವೇ.

ಕಣ್ಣಿಗೆ ಕಾಣುವ ಪ್ರಮಾಣದಲ್ಲಿ ಇದು ಬರೀ ಕಪ್ಪು ಪುಡಿ. ಸೌದೆ ಒಲೆಯ ಪಾತ್ರೆಯ ತಳದಿಂದ ಕೆರೆದ ಮಸಿಯ ಹಾಗೆ. ನೀರಿಗೆ ಹಾಕಿದರೆ ಕರಗುವುದಿಲ್ಲ, ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ.

1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಇದರ ರಚನೆಯನ್ನು ಜಗತ್ತಿಗೆ ತೋರಿಸಿದರು. 1952ರಲ್ಲೇ ಸೋವಿಯತ್ ವಿಜ್ಞಾನಿಗಳಿಬ್ಬರು ಇಂಗಾಲದ ಇಂಥ ಕೊಳವೆಗಳ ಚಿತ್ರ ಅಚ್ಚು ಹಾಕಿಸಿದ್ದರು, ಆದರೆ ಅದು ರಷ್ಯನ್ ಪತ್ರಿಕೆಯಲ್ಲೇ ಉಳಿದುಹೋಯಿತು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನವರು 17ನೇ ಶತಮಾನದ ಡಮಾಸ್ಕಸ್ ಕತ್ತಿಯೊಂದರ ಚೂರಿನಲ್ಲೂ ಇಂಗಾಲದ ನ್ಯಾನೋಟ್ಯೂಬ್ ಕಂಡರು. ಆ ಕತ್ತಿಗಳಿಗೆ ಬಳಸುತ್ತಿದ್ದದ್ದು ದಕ್ಷಿಣ ಭಾರತದ ಕಡೆಯಿಂದ ಹೋಗುತ್ತಿದ್ದ ವೂಟ್ಜ್ ಉಕ್ಕು. ವೂಟ್ಜ್ ಅನ್ನೋ ಪದವೇ ನಮ್ಮ 'ಉಕ್ಕು' ಇಂದ ಹುಟ್ಟಿದ್ದು ಅನ್ನುತ್ತಾರೆ. ಹಾಗಂತ ನಮ್ಮ ಕಮ್ಮಾರರಿಗೆ ನ್ಯಾನೋ ವಿಜ್ಞಾನ ಗೊತ್ತಿತ್ತು ಅಂತ ಫಾರ್ವರ್ಡ್ ಮಾಡಬೇಡಿ. ಅವರಿಗೆ ಕುಲುಮೆ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಅದೇನು ಕಡಿಮೆ ವಿದ್ಯೆಯಲ್ಲ.

ಈಗಿನ ಬೆಂಗಳೂರಿನ ಕುಲುಮೆ ಇರುವುದು ಜಕ್ಕೂರಿನಲ್ಲಿ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದಲ್ಲೇ ಫೆರೋಸಿನ್‌ನಂಥ ಲೋಹದ ಸಂಯುಕ್ತಗಳನ್ನು ಕಾಯಿಸಿ ನ್ಯಾನೋಟ್ಯೂಬ್ ತಯಾರಿಸುತ್ತಿತ್ತು. ಫೆರೋಸಿನ್‌ನಲ್ಲಿರುವ ಕಬ್ಬಿಣವೇ ಕೊಳವೆ ಬೆಳೆಯಲು ಬೀಜದ ಹಾಗೆ ಕೆಲಸ ಮಾಡುತ್ತದೆ. 2003ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಜಾಗದ, ಎ.ಕೆ. ಸೂದ್ ತಂಡ ನ್ಯಾನೋಟ್ಯೂಬ್ ಮೇಲೆ ದ್ರವ ಹರಿಸಿದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ ಎಂದು ತೋರಿಸಿತು. ನಮ್ಮೂರಿಗೆ ಈ ಕೊಳವೆ ಹೊಸದೇನಲ್ಲ.

ಒಂದು ಗ್ರಾಂಗೆ ಹನ್ನೆರಡು ಸೈಟು

ಇದರಲ್ಲಿ ಮದ್ದು ಸಾಗಿಸಬೇಕು ಅಂತ ಯಾಕೆ ಅನ್ನಿಸಿತು? ಮೊದಲ ಕಾರಣ ಜಾಗ. ಒಂಟಿಗೋಡೆಯ ಕೊಳವೆಗಳ ಹೊರಮೈಯನ್ನು ಲೆಕ್ಕ ಹಾಕಿದರೆ ಒಂದು ಗ್ರಾಂಗೆ ಸುಮಾರು 1,300 ಚದರ ಮೀಟರ್ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಚಿಟಿಕೆ ಪುಡಿಯಲ್ಲಿ ಹತ್ತಿರ ಹತ್ತಿರ ಹನ್ನೆರಡು ತರ್ಟಿ-ಫಾರ್ಟಿ ಸೈಟು.

ಫಾರ್ವರ್ಡಿನ ಚಿತ್ರ ಇಲ್ಲೇ ದಾರಿ ತಪ್ಪಿಸುತ್ತದೆ. ಪೈಪಿನೊಳಗೆ ಗುಳಿಗೆ ತುಂಬಿ, ತುದಿಯಿಂದ ಸುರಿಯುವ ಹಾಗೆ ಬರೆದಿದ್ದಾರೆ. ಒಳಗೆ ತುಂಬುವ ಪ್ರಯತ್ನಗಳೂ ನಡೆದಿವೆ, ಇಲ್ಲ ಅಂತಲ್ಲ. ಆದರೆ ಹೆಚ್ಚು ಸುದ್ದಿ ಮಾಡಿದ ಪ್ರಯೋಗಗಳಲ್ಲಿ ಮದ್ದು ಇರುವುದು ಹೊರಗೋಡೆಯ ಮೇಲೆ. ಒಂದು ಕಾಲದ ಬಿಟಿಎಸ್ ಬಸ್ಸಿನ ಫುಟ್‌ಬೋರ್ಡಿನಲ್ಲಿ ಜನ ಜೋತುಬೀಳುತ್ತಿದ್ದರಲ್ಲ, ಹಾಗೆ. ಚಿಕ್ಕಮ್ಮನ ಕೆಂಪು ಮದ್ದಿನ ಅಣುವಿನಲ್ಲಿ ಚಪ್ಪಟೆ ಉಂಗುರಗಳಿವೆ. ಕೊಳವೆಯ ಗೋಡೆಯೂ ಅಂಥದೇ ಉಂಗುರಗಳಿಂದ ಆದದ್ದು. ಎರಡೂ ತಟ್ಟೆಯ ಮೇಲೆ ತಟ್ಟೆ ಇಟ್ಟ ಹಾಗೆ ಅಂಟಿಕೊಳ್ಳುತ್ತವೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಹಾಂಗ್ಜಿ ದಾಯ್ ಅವರ ತಂಡ ಕೊಳವೆಯ ತೂಕದ ನಾಲ್ಕು ಪಟ್ಟು ಡಾಕ್ಸೊರುಬಿಸಿನ್ ಹೀಗೆ ಅಂಟಿಸಬಹುದು ಎಂದು ತೋರಿಸಿತು. ನೂರು ಕೆಜಿ ಗಾಡಿಯ ಮೇಲೆ ನಾನೂರು ಕೆಜಿ ಲೋಡು!

ಇಳಿಸುವುದು ಹೇಗೆ? ಅದಕ್ಕೂ ಉಪಾಯವಿದೆ. ರಕ್ತ ಸ್ವಲ್ಪ ಕ್ಷಾರದ ಕಡೆಗಿರುತ್ತದೆ. ಕ್ಯಾನ್ಸರ್ ಗಡ್ಡೆಯ ಸುತ್ತಮುತ್ತ ಹುಳಿ ಜಾಸ್ತಿ, ಜೀವಕೋಶ ಹೊರಗಿನದನ್ನು ನುಂಗಿ ಇಟ್ಟುಕೊಳ್ಳುವ ಚೀಲಗಳಲ್ಲಿ ಇನ್ನೂ ಜಾಸ್ತಿ. ಹುಳಿ ಹೆಚ್ಚಾದಂತೆ ಡಾಕ್ಸೊರುಬಿಸಿನ್‌ಗೆ ನೀರಿನ ಆಸೆ ಹುಟ್ಟಿ ಗೋಡೆಯ ಹಿಡಿತ ಬಿಡುತ್ತದೆ. ಅಂದರೆ ರಕ್ತದಲ್ಲಿ ಅಂಟಿಕೊಂಡಿದ್ದು, ಇಳಿಯಬೇಕಾದ ಕಡೆ ಇಳಿಯುತ್ತದೆ. ಕಾಗದದ ಮೇಲೆ ಇದಕ್ಕಿಂತ ಚಂದದ ಏರ್ಪಾಡು ಇನ್ನೊಂದಿಲ್ಲ.

ಮುದ್ದೆಯಾಗುವ ಮಸಿಯನ್ನು ರಕ್ತಕ್ಕೆ ಹೊಂದಿಸಲು ಅದನ್ನು ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಲ್ಲಿ ಹಾಕಿ ಶಬ್ದದ ಅಲೆಗಳಿಂದ ಅಲುಗಾಡಿಸಿ ತುಂಡು ಮಾಡುತ್ತಾರೆ, ಅಥವಾ ಮೇಲೆ ಪೆಗ್ ಎಂಬ ನೀರುಪ್ರಿಯ ಎಳೆಗಳನ್ನು ಹೊದಿಸುತ್ತಾರೆ. ಈ ಥರ ಸಿದ್ಧ ಮಾಡಿದ ಕೊಳವೆಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಮದ್ದು ಕಟ್ಟಿ, 2008ರಲ್ಲಿ ಅದೇ ಸ್ಟ್ಯಾನ್‌ಫರ್ಡ್ ತಂಡ ಸ್ತನ ಕ್ಯಾನ್ಸರ್ ಗಡ್ಡೆಯಿದ್ದ ಇಲಿಗಳಿಗೆ ಕೊಟ್ಟಿತು. ಮಾಮೂಲಿ ಇಂಜೆಕ್ಷನ್‌ಗೆ ಹೋಲಿಸಿದರೆ ಹತ್ತು ಪಟ್ಟು ಮದ್ದು ಗಡ್ಡೆಗೆ ಸೇರಿತು.

ಇಲಿಗಳಿಗೆ. ಈ ಒಂದು ಪದ ಫಾರ್ವರ್ಡ್ ಆಗುವ ಹೊತ್ತಿಗೆ ಯಾವಾಗಲೂ ಬಿದ್ದುಹೋಗಿರುತ್ತದೆ.

ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡ ಪಾರ್ಸೆಲ್

ಹತ್ತು ಪಟ್ಟು ಅಂದರೆ ದೊಡ್ಡದೇ. ಆದರೆ ಯಾವುದರ ಹತ್ತು ಪಟ್ಟು ಅಂತ ಕೇಳಬೇಕು. 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ನ್ಯಾನೋ ಕಣ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ತೆಗೆಯಿತು. ಇಂಜೆಕ್ಷನ್ ಕೊಟ್ಟ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು, ನಡುಮಟ್ಟದ ಲೆಕ್ಕದಲ್ಲಿ, ಶೇಕಡಾ 0.7. ಸಾವಿರಕ್ಕೆ ಏಳು. ಲೆಕ್ಕ ಹಾಕಿದ ರೀತಿಗೆ ತಕರಾರು ತೆಗೆದವರೂ ಇದ್ದಾರೆ, ಇರಲಿ. ಅದನ್ನು ಹತ್ತು ಪಟ್ಟು ಮಾಡಿದರೂ ಸಾವಿರಕ್ಕೆ ಎಪ್ಪತ್ತು ಅಷ್ಟೇ.

ಉಳಿದವು ಎಲ್ಲಿ? ಬಹುಪಾಲು ಲಿವರ್‌ನಲ್ಲಿ, ಗುಲ್ಮದಲ್ಲಿ. ರಕ್ತಕ್ಕೆ ಇಳಿದ ಕ್ಷಣದಿಂದಲೇ ಕಣಗಳ ಮೈಗೆ ರಕ್ತದ ಪ್ರೋಟೀನುಗಳು ಮೆತ್ತಿಕೊಳ್ಳುತ್ತವೆ. ಪರಕೀಯ ವಸ್ತುಗಳನ್ನು ನುಂಗುವುದೇ ಕೆಲಸವಾಗಿರುವ ಕೋಶಗಳು ಲಿವರ್ ತುಂಬ ಕೂತಿವೆ, ಅವು ಬಂದದ್ದನ್ನೆಲ್ಲ ಹಿಡಿದು ಹಾಕುತ್ತವೆ. ಲಿವರ್ ಅನ್ನೋದು ದೇಹದ ಸಿಲ್ಕ್ ಬೋರ್ಡ್ ಜಂಕ್ಷನ್. ನೀವು ಎಲ್ಲಿಗೇ ಹೊರಟಿರಿ, ಅಲ್ಲಿ ಸಿಕ್ಕಿಕೊಳ್ಳಲೇಬೇಕು.

"ಆದರೆ ಇದರ ಮೇಲೆ ವಿಳಾಸ ಬರೆದಿರುತ್ತಾರಲ್ಲ" ಅನ್ನಬಹುದು. ಹೌದು, ಕೊಳವೆಯ ಮೈಗೆ ಫೋಲಿಕ್ ಆಮ್ಲವನ್ನೋ ಪ್ರತಿಕಾಯವನ್ನೋ ಕಟ್ಟುತ್ತಾರೆ. ಹಲವು ಕ್ಯಾನ್ಸರ್ ಕೋಶಗಳ ಮೇಲೆ ಫೋಲಿಕ್ ಆಮ್ಲವನ್ನು ಹಿಡಿಯುವ ಕೊಕ್ಕೆಗಳು ಜಾಸ್ತಿ ಇರುತ್ತವೆ. 'ಟಾರ್ಗೆಟೆಡ್' ಅನ್ನೋ ಪದ ಕೇಳಿದ ತಕ್ಷಣ ನಮ್ಮ ತಲೆಯಲ್ಲಿ ಜಿಪಿಎಸ್ ಹಾಕಿಕೊಂಡು ಹೊರಟ ಡೆಲಿವರಿ ಹುಡುಗನ ಚಿತ್ರ ಬರುತ್ತದೆ. ಅದು ತಪ್ಪು. ಈ ಕೊಕ್ಕೆ ದಾರಿ ತೋರಿಸುವುದಿಲ್ಲ. ಇದು ಬರೀ ಮನೆ ನಂಬರು. ಏಳನೇ ಮೇನ್, ನಾಲ್ಕನೇ ಕ್ರಾಸ್‌ಗೆ ಹೇಗೋ ಬಂದುಬಿಟ್ಟರೆ ಸರಿಯಾದ ಬಾಗಿಲು ಹುಡುಕಲು ಉಪಯೋಗಕ್ಕೆ ಬರುತ್ತದೆ. ಆ ಕ್ರಾಸ್‌ವರೆಗೆ ಬರುವುದು ಮಾತ್ರ ರಕ್ತದ ಹರಿವು, ಅದೃಷ್ಟ ಎರಡಕ್ಕೇ ಬಿಟ್ಟದ್ದು.

ಗಡ್ಡೆಯೊಳಗೆ ನುಗ್ಗಲು ಇನ್ನೊಂದು ದಾರಿ ಇದೆ ಎಂದು 1986ರಲ್ಲಿ ಜಪಾನಿನ ಮತ್ಸುಮುರಾ, ಮಯೆದಾ ಹೇಳಿದರು. ಅವಸರದಲ್ಲಿ ಬೆಳೆದ ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಸಣ್ಣ ಕಣಗಳು ಆ ಸಂದುಗಳಿಂದ ಒಳಗೆ ಹೋಗಿ ಅಲ್ಲೇ ಉಳಿಯುತ್ತವೆ. ಇಡೀ ನ್ಯಾನೋ ಮದ್ದಿನ ಕನಸು ಈ ಸೋರಿಕೆಯ ಮೇಲೇ ನಿಂತಿತ್ತು. ಪ್ರಯೋಗದ ಇಲಿಯಲ್ಲಿ ಗಡ್ಡೆಯನ್ನು ಎರಡು ಮೂರು ವಾರದಲ್ಲಿ ಬೆಳೆಸುತ್ತಾರೆ, ಚೆನ್ನಾಗಿಯೇ ಸೋರುತ್ತದೆ. ಮನುಷ್ಯರ ಗಡ್ಡೆ ವರ್ಷಗಟ್ಟಲೆ ಬೆಳೆದದ್ದು. ಕೆಲವು ಸೋರುತ್ತವೆ, ಕೆಲವು ಇಲ್ಲ. ಒಬ್ಬರದೇ ದೇಹದ ಎರಡು ಗಡ್ಡೆಗಳಲ್ಲೂ ವ್ಯತ್ಯಾಸವಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ನ್ಯಾನೋ ಮದ್ದುಗಳ ಕಷ್ಟ. ನ್ಯಾನೋಟ್ಯೂಬಿನ ಸ್ವಂತ ಕಷ್ಟ ಬೇರೆಯೇ ಇದೆ.

ಶೀಟು ಮನೆಯ ನೆನಪು

ನಾನು ಬೆಳೆದದ್ದು ಶೀಟು ಮನೆಯಲ್ಲಿ. ಸಿಮೆಂಟ್ ಶೀಟು ಅನ್ನುತ್ತಿದ್ದೆವು, ಅದರೊಳಗೆ ಕಲ್ನಾರು ಇದೆ ಅಂತ ಯಾರೂ ಹೇಳಿರಲಿಲ್ಲ. ಒಡೆದ ಶೀಟಿನ ಅಂಚಿನಲ್ಲಿ ಬೆಳ್ಳಗೆ ಎಳೆಎಳೆಯಾಗಿ ಕಾಣುತ್ತಿತ್ತು. ಕಲ್ನಾರು ಅಂದರೆ ಆಸ್ಬೆಸ್ಟಾಸ್. ಉಸಿರಿನ ಜತೆ ಒಳಹೋದ ಅದರ ಎಳೆಗಳು ಶ್ವಾಸಕೋಶದ ಹೊದಿಕೆಗೆ ಕ್ಯಾನ್ಸರ್ ತರಬಲ್ಲವು, ಅದೂ ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ನಂತರ.

ಕಲ್ನಾರಿನ ಕೆಟ್ಟತನ ಇರುವುದು ಹೆಚ್ಚಾಗಿ ಅದರ ಆಕಾರದಲ್ಲಿ. ಉದ್ದ, ತೆಳು, ಗಡಸು, ಕೊಳೆಯದ ಎಳೆ. ನುಂಗುವ ಕೋಶದ ಅಗಲ ಸುಮಾರು 20 ಮೈಕ್ರೋಮೀಟರ್. ಅದಕ್ಕಿಂತ ಉದ್ದದ ಎಳೆ ಸಿಕ್ಕರೆ ಆಟೋದಲ್ಲಿ ಇಪ್ಪತ್ತು ಅಡಿ ಪೈಪ್ ಹಾಕಿದ ಹಾಗೆ, ಎರಡೂ ಕಡೆ ಹೊರಗೆ ಚಾಚಿಕೊಳ್ಳುತ್ತದೆ. ಕೋಶ ನುಂಗಲಾರದು, ಉಗುಳಲಾರದು. ಹತಾಶೆಯಿಂದ ತನ್ನೊಳಗಿನ ಖಾರದ ರಸಗಳನ್ನೆಲ್ಲ ಸುತ್ತಲಿನ ಅಂಗಾಂಶದ ಮೇಲೆ ಚೆಲ್ಲುತ್ತದೆ. ಉರಿಯೂತ ಶುರುವಾಗುತ್ತದೆ, ನಿಲ್ಲುವುದಿಲ್ಲ.

ಉದ್ದ, ತೆಳು, ಗಡಸು, ಕೊಳೆಯದ್ದು. ನ್ಯಾನೋಟ್ಯೂಬ್ ನೆನಪಾಗಲಿಲ್ವಾ? ಸ್ಟ್ಯಾನ್‌ಫರ್ಡ್‌ನ ಇಲಿಗಳ ಒಳ್ಳೆಯ ಸುದ್ದಿ ಬಂದ 2008ರಲ್ಲೇ ಎಡಿನ್‌ಬರೋದ ಕೆನ್ ಡೊನಾಲ್ಡ್‌ಸನ್ ಮತ್ತು ಸಂಗಡಿಗರ ಕೆಟ್ಟ ಸುದ್ದಿಯೂ ಬಂತು. ಉದ್ದನೆಯ ಬಹುಗೋಡೆ ಕೊಳವೆಗಳನ್ನು ಇಲಿಯ ಹೊಟ್ಟೆಯೊಳಗಿನ ಪೊರೆಗೆ ಹಾಕಿದಾಗ ಕಲ್ನಾರು ಹಾಕಿದಾಗಿನಂಥದೇ ಉರಿಯೂತ ಕಂಡಿತ್ತು. ಅದೇ ಪ್ರಯೋಗದ ಇನ್ನರ್ಧ ಅಷ್ಟು ಸುದ್ದಿಯಾಗಲಿಲ್ಲ: ಗಿಡ್ಡ ಕೊಳವೆಗಳು, ಸಿಕ್ಕುಸಿಕ್ಕಾಗಿ ಸುತ್ತಿಕೊಂಡವು ಹಾಗೆ ಮಾಡಲಿಲ್ಲ. ಮದ್ದಿಗೆ ಬಳಸುವುದು ಹೆಚ್ಚಾಗಿ ಈ ತುಂಡು ಮಾಡಿದ ಗಿಡ್ಡ ಕೊಳವೆಗಳನ್ನೇ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ಇದನ್ನೆಲ್ಲ ಪರಿಶೀಲಿಸಿ, ಎಂಡಬ್ಲ್ಯುಸಿಎನ್‌ಟಿ-7 ಎಂಬ ಒಂದೇ ಒಂದು ಬಗೆಯ ಬಹುಗೋಡೆ ಕೊಳವೆಯನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇದೆ' ಎಂಬ 2ಬಿ ಗುಂಪಿಗೆ ಸೇರಿಸಿತು. ಉಳಿದ ಬಗೆಗಳ ಬಗ್ಗೆ ತೀರ್ಮಾನಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ 2ಬಿ ಗುಂಪಿನಲ್ಲಿದೆ, ಆದ್ದರಿಂದ ಭಯ ಬೀಳುವ ಮುಂಚೆ ಸ್ವಲ್ಪ ತಾಳಿ. ಆದರೆ ಮದ್ದಿನ ಕಂಪನಿಯ ಜಾಗದಲ್ಲಿ ನಿಂತು ಯೋಚಿಸಿ. ಕಲ್ನಾರಿನ ಜತೆ ಹೆಸರು ತಳಕು ಹಾಕಿಕೊಂಡ ವಸ್ತುವನ್ನು ರೋಗಿಯ ನರಕ್ಕೆ ಬಿಡಲು ಕೋಟಿಗಟ್ಟಲೆ ಸುರಿಯುವ ಧೈರ್ಯ ಯಾರಿಗಿದೆ?

ಡಬ್ಬದ ಪ್ರಶ್ನೆ

ನನ್ನ ಪ್ರಕಾರ ಈ ಕಥೆಯ ಗಂಟು ಇರುವುದೇ ಇಲ್ಲಿ. ನಮ್ಮೂರಿನಲ್ಲಿ ಏನು ಬೇಕಾದರೂ ಹತ್ತು ನಿಮಿಷದಲ್ಲಿ ಮನೆಗೆ ಬರುತ್ತದೆ. ಬಂದ ಮೇಲೆ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಡಬ್ಬಿ ಬಾಗಿಲ ಹಿಂದೆ ರಾಶಿ ಬೀಳುತ್ತವೆ. ಡೆಲಿವರಿಯ ಬಗ್ಗೆ ಮಾತಾಡುವವರು ಡಬ್ಬದ ಬಗ್ಗೆ ಮಾತಾಡುವುದಿಲ್ಲ. ನ್ಯಾನೋಟ್ಯೂಬ್ ಕತೆಯೂ ಅದೇ. ಮದ್ದು ಇಳಿಸಿದ ಮೇಲೆ ಆ ಕೊಳವೆ ಏನಾಗುತ್ತದೆ?

ಉತ್ತರ ಸಿಗುತ್ತಿಲ್ಲ ಅಂತಲ್ಲ, ಒಂದೊಂದು ಕಡೆ ಒಂದೊಂದು ಸಿಗುತ್ತದೆ. ಕೆಲವು ಇಲಿಗಳಲ್ಲಿ ಕೊಳವೆಗಳು ಮೂತ್ರದಲ್ಲಿ ಹೋದವು. ಇದು ಸೋಜಿಗದ ಸಂಗತಿ. ಕಿಡ್ನಿಯ ಜರಡಿಯಲ್ಲಿ ಸುಮಾರು 6 ನ್ಯಾನೋಮೀಟರಿಗಿಂತ ದಪ್ಪದ್ದು ದಾಟಬಾರದು, ಇವೋ ನೂರಾರು ನ್ಯಾನೋಮೀಟರ್ ಉದ್ದ. ಬಾಗಿಲಿನಲ್ಲಿ ಏಣಿಯನ್ನು ಅಡ್ಡಡ್ಡ ತರದೆ ಉದ್ದುದ್ದ ತಂದ ಹಾಗೆ, ಹರಿವಿಗೆ ತಲೆಕೊಟ್ಟು ನೆಟ್ಟಗೆ ನಿಂತು ನುಸುಳಿಬಿಟ್ಟಿದ್ದವು. ಇನ್ನು ಕೆಲವು ಪ್ರಯೋಗಗಳಲ್ಲಿ ತಿಂಗಳುಗಳ ನಂತರವೂ ಲಿವರ್‌ನಲ್ಲಿ ಕೂತಿದ್ದವು, ಇಲಿಗಳು ಮಾತ್ರ ಆರಾಮಾಗಿದ್ದವು. 2008ರಲ್ಲಿ ಮೂಲಂಗಿ ಬಳಗದ ಒಂದು ಬೇರಿನ ಕಿಣ್ವ ಕೊಳವೆಯನ್ನು ನಿಧಾನಕ್ಕೆ ತಿಂದುಹಾಕುತ್ತದೆ ಅಂತ ಗೊತ್ತಾಯಿತು. 2010ರಲ್ಲಿ ನಮ್ಮದೇ ಬಿಳಿ ರಕ್ತಕಣದ ಕಿಣ್ವವೂ ಅದನ್ನು ಕರಗಿಸಬಲ್ಲದು ಎಂದು ತೋರಿಸಿದರು. ಆದರೆ ಎಷ್ಟು ದಿನಕ್ಕೆ, ಯಾವ ಅಂಗದಲ್ಲಿ, ಎಷ್ಟು ಭಾಗ? ಕೊಳವೆ ಬದಲಾದರೆ ಉತ್ತರವೂ ಬದಲಾಗುತ್ತದೆ.

ಕೊಳವೆಯಂತೂ ಬದಲಾಗುತ್ತಲೇ ಇರುತ್ತದೆ. ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳು ಒಂದೇ ಥರ ಇರುತ್ತವೆ. ನ್ಯಾನೋಟ್ಯೂಬ್ ಹಾಗಲ್ಲ, ಮುರಿದ ಶಾವಿಗೆ ಪೊಟ್ಟಣ ಬಿಚ್ಚಿದ ಹಾಗೆ. ಗಿಡ್ಡ, ಉದ್ದ, ದಪ್ಪ, ಸಣ್ಣ ಎಲ್ಲ ಕಲಬೆರಕೆ. ಅದರ ಜತೆಗೆ ಬೀಜವಾಗಿ ಹಾಕಿದ ಕಬ್ಬಿಣ, ನಿಕ್ಕೆಲ್, ಕೋಬಾಲ್ಟ್‌ನ ಚೂರುಗಳು. ಔಷಧ ನಿಯಂತ್ರಕರು ಕೇಳುವುದು ಸೀದಾಸಾದಾ ಪ್ರಶ್ನೆ: ಈ ಬಾಟಲಿಯಲ್ಲಿ ಇರುವುದೇ ಆ ಬಾಟಲಿಯಲ್ಲೂ ಇದೆಯಾ? ಶಾವಿಗೆಯ ವ್ಯಾಪಾರಿ ಇದಕ್ಕೆ ಏನು ಹೇಳಬೇಕು?

ಕರಗುವ ಡಬ್ಬ

ಈ ಮಧ್ಯೆ ಇನ್ನೊಂದು ಬಗೆಯ ನ್ಯಾನೋ ಮದ್ದು ಸದ್ದಿಲ್ಲದೆ ಬಂದು ನಮ್ಮ ಆಸ್ಪತ್ರೆಗಳಲ್ಲಿ ಕೂತಿದೆ. 2021ರ ಮೇ ತಿಂಗಳು ನೆನಪಿದೆಯಾ? ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಬ್ಲ್ಯಾಕ್ ಫಂಗಸ್ ಬಂತು. 'ಲೈಪೋಸೋಮಲ್ ಆಂಫೊಟೆರಿಸಿನ್ ಬಿ ಎಲ್ಲಾದರೂ ಇದ್ದರೆ ತಿಳಿಸಿ' ಎಂಬ ಮೆಸೇಜು ನಮ್ಮ ಬಡಾವಣೆಯ ಗುಂಪಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಚೀಟಿ ಹಿಡಿದು ಮೆಡಿಕಲ್ ಸ್ಟೋರಿನಿಂದ ಸ್ಟೋರಿಗೆ ಅಲೆದವರಲ್ಲಿ ನಾನೂ ಒಬ್ಬ. 'ಆಂಫೊಟೆರಿಸಿನ್' ಎಂಬ ಕಷ್ಟದ ಪದದ ಮೇಲೆ ಎಲ್ಲರ ಕಣ್ಣಿತ್ತು. ಮಜಾ ಇದ್ದದ್ದು 'ಲೈಪೋಸೋಮಲ್' ಎಂಬ ಮೊದಲ ಪದದಲ್ಲಿ.

ಹಳೆಯ ಆಂಫೊಟೆರಿಸಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅದನ್ನೇ ಕೊಬ್ಬಿನ ಅತಿ ಸಣ್ಣ ಗುಳ್ಳೆಯಲ್ಲಿ, 100 ನ್ಯಾನೋಮೀಟರಿಗಿಂತ ಚಿಕ್ಕದರಲ್ಲಿ, ಕೂರಿಸಿದರೆ ಕಿಡ್ನಿಗೆ ಆಗುವ ಹೊಡೆತ ಕಡಿಮೆ. ಗುಳ್ಳೆಯ ಗೋಡೆ ನಮ್ಮ ಜೀವಕೋಶದ ಗೋಡೆಯಂಥದೇ ಕೊಬ್ಬು. ಕೆಲಸ ಮುಗಿದ ಮೇಲೆ ದೇಹ ಅದನ್ನು ಒಡೆದು ಜೀರ್ಣ ಮಾಡಿಕೊಳ್ಳುತ್ತದೆ. ಡಬ್ಬ ಉಳಿಯುವುದೇ ಇಲ್ಲ.

ಚಿಕ್ಕಮ್ಮನ ಕೆಂಪು ಮದ್ದಿಗೂ ಇಂಥ ಗುಳ್ಳೆ ಇದೆ. 1995ರಲ್ಲೇ ಅಮೆರಿಕದಲ್ಲಿ ಡಾಕ್ಸಿಲ್ ಎಂಬ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿತು. 2005ರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಉಂಡೆಗೆ ಕಟ್ಟಿದ ಅಬ್ರಾಕ್ಸೇನ್ ಬಂತು. ಫೈಜರ್, ಮಾಡರ್ನಾ ಕೋವಿಡ್ ಲಸಿಕೆಗಳಲ್ಲಿ ಎಂಆರ್‌ಎನ್‌ಎಯನ್ನು ಹೊತ್ತದ್ದೂ ಕೊಬ್ಬಿನ ಕಣಗಳೇ. ಇವು ಯಾವುವೂ ಚಿತ್ರ ಬರೆದರೆ ನ್ಯಾನೋಟ್ಯೂಬಿನಷ್ಟು ಚಂದ ಕಾಣುವುದಿಲ್ಲ. ಎಣ್ಣೆ ತೊಟ್ಟಿನ ಚಿತ್ರವನ್ನು ಯಾರು ಫಾರ್ವರ್ಡ್ ಮಾಡುತ್ತಾರೆ?

ಹಾಗಂತ ಇವು ಪವಾಡವೂ ಅಲ್ಲ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಗುಳ್ಳೆಯ ಡಾಕ್ಸೊರುಬಿಸಿನ್ ಮತ್ತು ಮಾಮೂಲಿ ಡಾಕ್ಸೊರುಬಿಸಿನ್ ಎರಡನ್ನೂ ಹೋಲಿಸಿದ ದೊಡ್ಡ ಪ್ರಯೋಗದಲ್ಲಿ ರೋಗದ ಮೇಲಿನ ಪರಿಣಾಮ ಹೆಚ್ಚುಕಡಿಮೆ ಒಂದೇ ಇತ್ತು. ಹೃದಯಕ್ಕೆ ಹಾನಿ ಕಡಿಮೆಯಾಯಿತು, ಕೂದಲೂ ಅಷ್ಟು ಉದುರಲಿಲ್ಲ. ಬದಲಿಗೆ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುವ ಹೊಸ ಕಾಟ ಶುರುವಾಯಿತು. ನ್ಯಾನೋ ಮದ್ದು ಇಲ್ಲಿಯವರೆಗೆ ಕೊಟ್ಟದ್ದು ಮುಖ್ಯವಾಗಿ ಇಂಥ ರಿಯಾಯಿತಿ. ನರಳುವವರಿಗೆ ಅದು ಸಣ್ಣದಲ್ಲ. ಆದರೆ 'ಕ್ಯಾನ್ಸರ್ ಮಾಯ' ಎಂಬ ತಲೆಬರಹಕ್ಕೆ ಅದು ಸಾಲದು.

ಹಾಗಾದರೆ ಕೊಳವೆಗೆ ಕೆಲಸವೇ ಇಲ್ವಾ?

ಇದೆ, ಬೇರೆ ಕಡೆ. ಒಂಟಿಗೋಡೆಯ ಕೊಳವೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಹೊಳೆಯುತ್ತದೆ, ಆ ಬೆಳಕು ಚರ್ಮವನ್ನು ದಾಟಿ ಹೊರಬರುತ್ತದೆ. 2013ರಲ್ಲಿ ಅಮೆರಿಕದ ಎಂಐಟಿಯ ಮೈಕೆಲ್ ಸ್ಟ್ರಾನೊ ತಂಡ ಇಂಥ ಕೊಳವೆಗಳನ್ನು ಜೆಲ್‌ನಲ್ಲಿ ಹಿಡಿದಿಟ್ಟು, ದೇಹದೊಳಗಿನ ನೈಟ್ರಿಕ್ ಆಕ್ಸೈಡ್ ಎಂಬ ಅಣುವನ್ನು ಪತ್ತೆ ಮಾಡುವ ಸೆನ್ಸರ್ ಆಗಿ ಇಲಿಯ ಚರ್ಮದಡಿ ಇಟ್ಟಿತು. 400 ದಿನ ದಾಟಿದರೂ ಅದು ಕೆಲಸ ಮಾಡುತ್ತಲೇ ಇತ್ತು. ಗಮನಿಸಿ, ಮದ್ದು ಸಾಗಿಸುವಾಗ ಶಾಪವಾಗಿದ್ದ 'ಕೊಳೆಯದ' ಗುಣ ಇಲ್ಲಿ ವರವಾಯಿತು. ಜೆಲ್ ಒಂದೇ ಕಡೆ ಇರುತ್ತದೆ, ಬೇಡವಾದರೆ ತೆಗೆಯಬಹುದು.

ತೆಗೆಯಬಹುದು ಅನ್ನೋದನ್ನು ಬೆಂಗಳೂರಿನವರು ಇನ್ನೊಂದು ರೀತಿ ಮಾಡಿ ತೋರಿಸಿದ್ದಾರೆ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲೇ ಹುಟ್ಟಿದ ಥೆರಾನಾಟಿಲಸ್ ಎಂಬ ಸ್ಟಾರ್ಟಪ್ ಹಲ್ಲಿನ ನ್ಯಾನೋ ರೋಬೋಟ್ ಬಗ್ಗೆ ಪ್ರಕಟಿಸಿದವು. ರೂಟ್ ಕೆನಾಲ್ ಮಾಡಿದ ಮೇಲೂ ಹಲ್ಲಿನೊಳಗಿನ ಸೂಕ್ಷ್ಮ ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಅಡಗಿರುತ್ತವೆ. ಕಬ್ಬಿಣ ಲೇಪಿಸಿದ ಸಿಲಿಕಾದ ತಿರುಪುಗಳನ್ನು ಅಯಸ್ಕಾಂತದ ಕ್ಷೇತ್ರದಿಂದ ತಿರುಗಿಸುತ್ತಾ ಅಲ್ಲಿಗೆ ನುಗ್ಗಿಸಿ, ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಂದು, ಮತ್ತೆ ಹೊರಗೆಳೆದುಕೊಳ್ಳಬಹುದು. ಹೋದದ್ದು ವಾಪಸ್ ಬರುತ್ತದೆ. ನನಗೆ ಇದರಲ್ಲಿ ಹಿಡಿಸಿದ್ದು ಆ ಕೊನೆಯ ಹೆಜ್ಜೆಯೇ.

ಇನ್ನು ಒಂದು ನ್ಯಾನೋಟ್ಯೂಬ್ ಮಾತ್ರ ನಿಜವಾಗಿಯೂ ಮನುಷ್ಯರಿಗೆ ಚಿಕಿತ್ಸೆಯಾಗಿ ಸಿಗುತ್ತಿದೆ, ಅದನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಲ್ಯಾನ್ರಿಯೊಟೈಡ್ ಎಂಬುದು ಎಂಟು ಅಮೈನೋ ಆಮ್ಲಗಳ ಒಂದು ಸಣ್ಣ ಸರ. ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಕೈಕಾಲು, ದವಡೆ ದಪ್ಪವಾಗುವ ಕಾಯಿಲೆಗೆ ಕೊಡುತ್ತಾರೆ. ಈ ಅಣುಗಳನ್ನು ನೀರಿಗೆ ಹಾಕಿದರೆ ತಾವಾಗಿಯೇ ಒಂದಕ್ಕೊಂದು ಸೇರಿ 24 ನ್ಯಾನೋಮೀಟರ್ ಅಗಲದ ಕೊಳವೆಗಳಾಗುತ್ತವೆ, ಎಲ್ಲವೂ ಒಂದೇ ಅಳತೆ. ಆ ಕೊಳವೆಗಳಿಂದಾದ ಗಟ್ಟಿ ಜೆಲ್ ಅನ್ನೇ ಚರ್ಮದಡಿಗೆ ಚುಚ್ಚುತ್ತಾರೆ. ಅದು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ನಾಲ್ಕು ವಾರ ಮದ್ದು ಕೊಡುತ್ತದೆ. ಇಲ್ಲಿ ಕೊಳವೆಯೇ ಮದ್ದು. ಪಾನಿಪೂರಿ ಇದ್ದ ಹಾಗೆ, ಬಟ್ಟಲನ್ನೂ ತಿಂದುಬಿಟ್ಟರೆ ತೊಳೆಯುವ ಪ್ರಶ್ನೆ ಎಲ್ಲಿದೆ?

ಭಾರತದಲ್ಲಿ ನ್ಯಾನೋ ಮದ್ದುಗಳನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ 2019ರಲ್ಲಿ ಮಾರ್ಗಸೂಚಿ ಬಂದಿದೆ. ಹಳೆಯ ಮದ್ದನ್ನೇ ಹೊಸ ಡಬ್ಬಕ್ಕೆ ತುಂಬಿದರೂ ಅದು ಹೊಸ ಮದ್ದು ಎಂದೇ ಲೆಕ್ಕ. ಮನುಷ್ಯರ ಮೇಲೆ ನಡೆಯುವ ಪ್ರಯೋಗಗಳೆಲ್ಲ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಬೇಕು, ಅದನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಿ ನೋಡಬಹುದು. 'ನ್ಯಾನೋ ಚಿಕಿತ್ಸೆ' ಅಂತ ಯಾರಾದರೂ ದುಡ್ಡು ಕೇಳಿದರೆ ಮೊದಲು ಆ ನಂಬರು ಕೇಳಿ.

ಇಷ್ಟನ್ನೂ ಮುಂದಿನ ಸೈಕಲ್‌ನ ದಿನ ಚಿಕ್ಕಮ್ಮನಿಗೆ ಹೇಳಿದೆ. ಪಾನಿಪೂರಿ ಹತ್ತಿರ ಬಂದಾಗ ನಕ್ಕರು. "ಬಾಯೆಲ್ಲ ಹುಣ್ಣು, ಈಗ ಪಾನಿಪೂರಿ ನೆನಪಿಸ್ತೀಯಲ್ಲೋ" ಅಂತ ಬೈದರು. ಡಾಕ್ಟರ ಹತ್ತಿರ ಎಕೋ ರಿಪೋರ್ಟ್ ಬಗ್ಗೆ ಕೇಳಿದೆವು, ಚೆನ್ನಾಗಿದೆ ಅಂದರು, ಅದೇ ಕೆಂಪು ಮದ್ದು ಮುಂದುವರಿಯಿತು.

ಮೊನ್ನೆ ರಾತ್ರಿ ಹತ್ತಕ್ಕೆ ಅವರಿಂದ ಇನ್ನೊಂದು ಲಿಂಕ್ ಬಂತು. ಈ ಸಲ ಚಿನ್ನದ ಕಣಗಳಂತೆ. ಕೆಳಗೆ ಒಂದೇ ಸಾಲು ಬರೆದಿದ್ದರು: "ಇದೂ ಇಲೀನೇನಾ?"